ದೊಡ್ಡವ್ವನ ಸವಳಿನ ಗಡಿಗೆ

ಪ್ರಯೋಗಾಲಯದ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲ ದಿನವೇ ಒಂದು ಬೇಸರ ಆಗುತ್ತದೆ. ಸೂಕ್ಷ್ಮದರ್ಶಕ ಮುಟ್ಟಬಹುದು ಎಂದು ಬಂದಿರುತ್ತೀರಿ, ಕೈಗೆ ಬ್ರಷ್ಷು ಕೊಟ್ಟು ನಲ್ಲಿಯ ಮುಂದೆ ನಿಲ್ಲಿಸುತ್ತಾರೆ. ನನಗೆ ಆ ಬೇಸರ ಆಗಲಿಲ್ಲ. ನಾನು ಮಡಿವಾಳರ ಮನೆಯವನು. ಹುಣಸಗಿ ಕಡೆಯ ನಮ್ಮೂರಿನ ಹಳ್ಳದ ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದು ಕೇಳುತ್ತ ಬೆಳೆದವನಿಗೆ ಗಾಜಿನ ಕೊಳವೆ ತೊಳೆಯುವುದು ಅಂಥ ದೊಡ್ಡ ಕೆಲಸವಾಗಿ ಕಾಣಲಿಲ್ಲ. ಶಹಾಪುರದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಅದನ್ನೇ ಮಾಡಿದೆ. ನನ್ನ ಹುದ್ದೆಯ ಹೆಸರು ಎರಡು ಸಲ ಬದಲಾಯಿತು, ಆದರೆ ನಲ್ಲಿ ಅದೇ ಇತ್ತು. ಆ ನಲ್ಲಿಯಲ್ಲಿ ನಾನು ಮಾಡಿದ ತಪ್ಪನ್ನೂ, ಆ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡ ಒಬ್ಬ ಮೇಡಂ ಅವರನ್ನೂ ನಿಮಗೆ ಪರಿಚಯಿಸಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವರು ಕರೀಂ ಚಾಚಾ. ನಾನು ಸೇರುವ ಹೊತ್ತಿಗೆ ಅವರು ನಿವೃತ್ತಿಯ ಅಂಚಿನಲ್ಲಿದ್ದರು. ತೊಳೆದ ಗಾಜನ್ನು ಬೆಳಕಿಗೆ ಹಿಡಿದು, ನೀರು ಒಂದೇ ಸಮನೆ ಜಾರಿದರೆ ತಲೆ ಆಡಿಸುತ್ತಿದ್ದರು. ಎಲ್ಲಾದರೂ ಹನಿ ಕಟ್ಟಿ ನಿಂತರೆ ಮಾತಾಡದೆ ಬಕೆಟ್ಟಿಗೆ ವಾಪಸ್ ಹಾಕುತ್ತಿದ್ದರು. ಸಾಬೂನು ಹೋಗುವವರೆಗೆ ನಲ್ಲಿಯ ನೀರು, ನಲ್ಲಿಯ ನೀರಿನ ಉಪ್ಪು ಹೋಗುವವರೆಗೆ ಬಟ್ಟಿ ಇಳಿಸಿದ ನೀರು. "ಉಪ್ಪು ಉಳೀತಂದ್ರ ಗಾಜು ಹೊಲಸೇ ಬೇಟಾ" ಎನ್ನುತ್ತಿದ್ದರು. ಈ ಒಂದು ಮಾತನ್ನು ನಾನು ಮಂತ್ರದಂತೆ ಹಿಡಿದುಕೊಂಡೆ. ಮುಂದೆ ನನ್ನನ್ನು ಮುಳುಗಿಸಿದ್ದೂ ಇದೇ ಮಾತು. ಚಾಚಾನ ತಪ್ಪಿಲ್ಲ ಅದರಲ್ಲಿ, ಅವರು ಹೇಳಿದ್ದು ಗಾಜಿನ ವಿಷಯ.

ಸರೋಜಾ ಮೇಡಂ ಬಂದದ್ದು ನಮ್ಮ ಸೀಮೆಯ ನೀರಾವರಿ ಕಾಲುವೆಗೆ ನೀರು ಬಿಟ್ಟು ಹತ್ತು ಹನ್ನೆರಡು ವರ್ಷ ಆದಮೇಲೆ. ಮೈಸೂರು ಕಡೆಯವರು. ನಮ್ಮ ಮಾತು ಕೇಳಿ ಮೊದಮೊದಲು ಎಲ್ಲರೂ ತಮ್ಮ ಮೇಲೆ ಸಿಟ್ಟಾಗಿದ್ದಾರೆ ಎಂದು ತಿಳಿದುಕೊಂಡಿದ್ದರಂತೆ. ಸೂಕ್ಷ್ಮಜೀವಿ ಶಾಸ್ತ್ರ ಕಲಿಸಲು ಬಂದವರು ಮೊದಲ ವಾರದಲ್ಲೇ ನನ್ನನ್ನು ಕರೆದು ಐದು ಕಿಲೋ ಹರಳುಪ್ಪು ತರಿಸಿದರು. ಅಂಗಡಿಯವನು ಉಪ್ಪಿನಕಾಯಿ ಹಾಕುತ್ತೀರೇನು ಎಂದು ಕೇಳಿದ. ಮರುವಾರ ಮತ್ತೆ ಐದು ಕಿಲೋ ತರಲು ಹೋದಾಗ ಅವನು ಏನೂ ಕೇಳಲಿಲ್ಲ, ಬರೇ ನಕ್ಕ.

ಉಪ್ಪು ಯಾಕೆಂದರೆ, ಮೇಡಂ ಹುಡುಕುತ್ತಿದ್ದ ಜೀವಿಗಳು ಉಪ್ಪಿನಲ್ಲೇ ಬದುಕುವಂಥವು. ನಾವು ಮಾವಿನಕಾಯಿ ಕೆಡದಿರಲಿ ಎಂದು ಉಪ್ಪು ಹಾಕುತ್ತೇವೆ, ಏಕೆಂದರೆ ಅಷ್ಟು ಉಪ್ಪಿನಲ್ಲಿ ಸಾಮಾನ್ಯ ಕ್ರಿಮಿ ಬದುಕುವುದಿಲ್ಲ. ಈ ಜೀವಿಗಳಿಗೆ ಅದಕ್ಕಿಂತ ಹೆಚ್ಚಿನ ಉಪ್ಪೇ ಬೇಕು. ಇಕ್ಕಟ್ಟಿನ ಜಾಗದಲ್ಲಿ ಬದುಕುವ ಇವು ಪಕ್ಕದವರನ್ನು ಕೊಲ್ಲಲು ಒಂದು ಜಾತಿಯ ಪ್ರೋಟೀನು ಬಿಡುತ್ತವೆ, ಅದಕ್ಕೆ ಹ್ಯಾಲೋಸಿನ್ ಎಂದು ಹೆಸರು. ಹಳೆಯ ಔಷಧಿಗಳಿಗೆ ಕ್ರಿಮಿಗಳು ಬಗ್ಗದ ಕಾಲ ಬರುತ್ತಿದೆ, ಯಾರೂ ಹುಡುಕದ ಜಾಗದಲ್ಲಿ ಹೊಸದನ್ನು ಹುಡುಕಬೇಕು ಎಂಬುದು ಮೇಡಂ ಲೆಕ್ಕಾಚಾರ. ಇಂಥ ಜೀವಿಗಳನ್ನು ಹುಡುಕಲು ಜನ ಸಮುದ್ರದ ದಂಡೆಗೆ, ಉಪ್ಪಿನ ಆಗರಗಳಿಗೆ ಹೋಗುತ್ತಾರೆ. ನಮ್ಮಲ್ಲಿ ಸಮುದ್ರ ಎಲ್ಲಿಂದ ಬರಬೇಕು ಎಂದೆ ನಾನು. ಕಾಲುವೆ ಬಂದಿದೆಯಲ್ಲ ಎಂದರು ಮೇಡಂ.

ಅವರು ಹೇಳಿದ್ದು ಸರಿಯಾಗಿತ್ತು. ಕಾಲುವೆ ನಮ್ಮ ಸೀಮೆಗೆ ಅನ್ನ ಕೊಟ್ಟಿತು, ಜೋಳ ತಿನ್ನುವವರು ಭತ್ತ ಬೆಳೆದು ಮಾರುವಂತಾದರು. ಆದರೆ ತಗ್ಗಿನ ಹೊಲಗಳಲ್ಲಿ ನೀರು ಇಂಗದೆ ನಿಂತು, ಕರಿಮಣ್ಣಿನ ಆಳದ ಉಪ್ಪೆಲ್ಲ ಮೇಲೆದ್ದು ಬಂತು. ಬೇಸಿಗೆಯಲ್ಲಿ ಅಂಥ ಹೊಲದ ಮೇಲೆ ಬೆಳ್ಳಗೆ ಹೆಪ್ಪು ಕಟ್ಟುತ್ತದೆ. ಅದನ್ನೇ ನಾವು ಸವಳು ಎನ್ನುವುದು. ಅದರ ಗುರುತು ನನಗಿಂತ ಯಾರಿಗೆ ಚೆನ್ನಾಗಿರಬೇಕು? ಸಾಬೂನು ಬರುವ ಮುಂಚೆ ನಮ್ಮ ಮನೆತನದವರು ಬಟ್ಟೆ ಒಗೆಯುತ್ತಿದ್ದದ್ದು ಸವಳು ಮಣ್ಣಿನಿಂದ. ಹಳ್ಳದ ದಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಮೊದಲಿನಿಂದಲೂ ಸಿಗುತ್ತಿತ್ತು. ಕಾಲುವೆ ಬಂದಮೇಲೆ ಒಳ್ಳೆಯ ಹೊಲಗಳಲ್ಲೇ ರಾಶಿ ಬಿತ್ತು.

ಮೇಡಂ ಅವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ನಮ್ಮೂರಿಗೇ ಕರೆದೊಯ್ದೆ. ಅಲ್ಲಿ ಭೀಮರಾಯ ಎಂಬ ರೈತನ ಎರಡು ಎಕರೆ ಪೂರ್ತಿ ಸವಳಾಗಿತ್ತು. ಬೆಳ್ಳಗಿನ ನೆಲ ಕಂಡು ಮೇಡಂ ಮುಖ ಅರಳಿತು, ತಕ್ಷಣ ಭೀಮರಾಯನ ಮುಖ ನೋಡಿ ಅರಳಿದ್ದನ್ನು ಮಡಚಿಕೊಂಡರು. ಅವನು ನನ್ನನ್ನು ಬದಿಗೆ ಕರೆದು, ಈ ಅಕ್ಕಾರಿಗೆ ಇದು ಬೇಕಂದ್ರ ಎರಡೂ ಎಕರೆ ಕಟಿಗೊಂಡು ಹೋಗ್ಲಿ ಅಂದ. ನಾವು ಮೂಲೆಯಿಂದ ನಾಲ್ಕು ಚಮಚ ಮಣ್ಣು ತಂದೆವು.

ಆ ಮಣ್ಣನ್ನು ಉಪ್ಪುನೀರಿನಲ್ಲಿ ಕದಡಿ, ಕ್ರಿಮಿ ಬೆಳೆಸುವ ಅಗಾರ್ ಎಂಬ ಗಟ್ಟಿ ಗಂಜಿಗೆ ಉಪ್ಪು ಬೆರೆಸಿ ಹೊಯ್ದ ತಟ್ಟೆಗಳ ಮೇಲೆ ಸವರಿಟ್ಟೆವು. ಸಾಮಾನ್ಯ ಕ್ರಿಮಿ ಒಂದೇ ದಿನದಲ್ಲಿ ತಟ್ಟೆಯ ಮೇಲೆ ಚುಕ್ಕಿಯಾಗಿ ಕಾಣುತ್ತದೆ. ಮೂರು ದಿನ ಕಾದೆ, ಏನೂ ಇಲ್ಲ. ನಾಲ್ಕನೆಯ ದಿನ ರೂಢಿಯಂತೆ ತಟ್ಟೆಗಳನ್ನು ಕುದಿಸಿ ತೊಳೆದು ಒರೆಸಿ ಸಾಲಾಗಿ ಜೋಡಿಸಿಟ್ಟೆ. ಮೇಡಂ ಬಂದು, ಥಳಥಳ ಹೊಳೆಯುತ್ತಿದ್ದ ಒಂದು ತಟ್ಟೆ ಎತ್ತಿ ನೋಡಿ ಕೆಳಗಿಟ್ಟರು. ಆಮೇಲೆ, ಇವು ನಿಧಾನಸ್ಥರು, ಎರಡು ಮೂರು ವಾರ ಬೇಕು, ಹೇಳದಿದ್ದದ್ದು ನನ್ನ ತಪ್ಪು ಎಂದರು. ಮತ್ತೆ ಬಸ್ಸು ಹತ್ತಿದೆವು, ಮತ್ತೆ ಮಣ್ಣು ತಂದೆವು. ಈ ಸಲ ತಟ್ಟೆ ಒಣಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟೆ. ಬೆಚ್ಚಗಿಡುವ ಪೆಟ್ಟಿಗೆಯನ್ನು ಹಾಕಲೇ ಇಲ್ಲ, ನಮ್ಮ ಏಪ್ರಿಲ್ ತಿಂಗಳಲ್ಲಿ ಬೀರುವಿನ ಒಳಗೂ ಅದರಷ್ಟೇ ಕಾವು.

ಹದಿನೆಂಟನೆಯ ದಿನ ಸಾಸಿವೆಗಿಂತ ಸಣ್ಣ ಚುಕ್ಕಿಗಳು ಕಂಡವು. ತಿಳಿ ಗುಲಾಬಿ ಬಣ್ಣ. ದಿನಗಳೆದಂತೆ ಬಣ್ಣ ಗಟ್ಟಿಯಾಗಿ ಕೆಂಪಿಗೆ ತಿರುಗಿತು. ಬೆಳ್ಳನೆಯ ಸವಳಿನಲ್ಲಿ ಅಂಥ ಬಣ್ಣ ಅಡಗಿತ್ತೆಂದು ಅದರಲ್ಲೇ ಕೈಯಾಡಿಸಿ ಬೆಳೆದ ನನಗೇ ಗೊತ್ತಿರಲಿಲ್ಲ. ಆ ದಿನ ನನಗೆ ಆದ ಸಂತೋಷ ಇಲ್ಲಿ ಬರೆದು ತೋರಿಸಲಾರೆ. ಊಟದ ಡಬ್ಬಿ ಬಿಚ್ಚುವುದನ್ನೂ ಮರೆತು ತಟ್ಟೆ ನೋಡುತ್ತ ಕೂತಿದ್ದೆ.

ಅಂಥ ಚುಕ್ಕಿಗಳನ್ನು ಒಂದೊಂದಾಗಿ ಬೇರ್ಪಡಿಸಿ, ಬೇರೆ ಉಪ್ಪುಜೀವಿಗಳು ಬೆಳೆಯುವ ತಟ್ಟೆಯ ಮೇಲೆ ಇಟ್ಟು ಪರೀಕ್ಷಿಸಿದೆವು. ಒಂಬತ್ತನೆಯದರ ಸುತ್ತ ಬರಿದಾದ ಒಂದು ಉಂಗುರ ಮೂಡಿತು. ಅಂದರೆ ಅದು ಬಿಟ್ಟ ಪ್ರೋಟೀನು ತಲುಪಿದಷ್ಟು ದೂರ ಬೇರೆ ಯಾವುದೂ ಬೆಳೆದಿರಲಿಲ್ಲ. ರಿಜಿಸ್ಟರಿನಲ್ಲಿ ಅದಕ್ಕೆ 'ಒಂಬತ್ತು' ಎಂದೇ ಹೆಸರಾಯಿತು. ಮೇಡಂ ಅದರ ಮೇಲೆ ಎರಡು ವರ್ಷ ದುಡಿದರು. ಪಾಠ ಮುಗಿಸಿ, ಉತ್ತರಪತ್ರಿಕೆ ತಿದ್ದಿ, ಉಳಿದ ಹೊತ್ತೆಲ್ಲ ಒಂಬತ್ತರ ಪಾಲು. ಕರೆಂಟು ಹೋದರೆ ಕಿಟಕಿಯ ಹತ್ತಿರ ಮೇಜು ಎಳೆದುಕೊಂಡು ಕೂರುತ್ತಿದ್ದರು. ಅಷ್ಟು ದುಡಿದೂ ನನ್ನ ಮೇಲೆ ಒಂದು ದಿನವೂ ದನಿ ಏರಿಸಿದವರಲ್ಲ. ನಾನು ಹಾಗಲ್ಲ, ವಿದ್ಯಾರ್ಥಿಗಳು ಪಿಪೆಟ್ಟು ತೊಳೆಯದೆ ಇಟ್ಟರೆ ನನ್ನ ಬಾಯಿ ಕಾಲುವೆಯ ಗೇಟು ಎತ್ತಿದಂತೆ ತೆರೆದುಕೊಳ್ಳುತ್ತಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೇಡಂ ತಮ್ಮ ತಾಯಿಯ ಕಾಯಿಲೆಗೆಂದು ಒಂದು ತಿಂಗಳು ರಜೆಯ ಮೇಲೆ ಹೋದರು. ಒಂಬತ್ತನ್ನು ಬೆಳೆಸಿಟ್ಟ ಕೊಳವೆಗಳು ಒಟ್ಟು ಆರು ಇದ್ದವು, ಅವನ್ನು ನೋಡಿಕೊಳ್ಳಿ ಎಂದು ನನ್ನ ಕೈಗೆ ಒಪ್ಪಿಸಿದರು. ಬಿಸಿಲಿಗೆ ಕೊಳವೆಗಳು ಒಣಗಿ, ಒಳಗೆಲ್ಲ ಉಪ್ಪಿನ ಹರಳು ಕಟ್ಟತೊಡಗಿತು. ಬೆಳ್ಳಗೆ, ಒರಟಾಗಿ, ನೋಡಲು ಹೊಲಸು. ನನಗೆ ಚಾಚಾನ ಮಾತು ನೆನಪಾಯಿತು, ಉಪ್ಪು ಉಳಿದರೆ ಹೊಲಸು. ಕೆಂಪು ಜೀವಿಗಳನ್ನು ಹರಳಿನಿಂದ ಬಿಡಿಸಿ, ಚೊಕ್ಕ ಮಾಡಿ, ಹೊಸ ಕೊಳವೆಗೆ ಹಾಕಿಟ್ಟರೆ ಮೇಡಂ ಬಂದು ಮೆಚ್ಚುತ್ತಾರೆ ಎಂದು ಆಸೆ ಹುಟ್ಟಿತು. ಆರೂ ಕೊಳವೆಗಳಿಗೆ ಶುದ್ಧವಾದ ಬಟ್ಟಿ ಇಳಿಸಿದ ನೀರು ಹಾಕಿ ಕುಲುಕಿದೆ. ಒಂದನ್ನಾದರೂ ಬಿಡಬೇಕೆಂಬ ಬುದ್ಧಿ ಬರಲಿಲ್ಲ, ಒಗೆಯುವವನು ಗಂಟಿನಲ್ಲಿ ಒಂದು ಬಟ್ಟೆ ಬಿಟ್ಟು ಒಗೆಯುತ್ತಾನೆಯೇ?

ಕೆಂಪಗೆ ಕದಡಿದ್ದ ನೀರು ನಾನು ನೋಡುತ್ತಿದ್ದಂತೆಯೇ ತಿಳಿಯಾಯಿತು. ಹೊಲಸು ಬಿಡುತ್ತಿದೆ ಎಂದು ಖುಷಿಪಟ್ಟೆ. ಆಮೇಲೆ ನೋಡಿದರೆ ನೀರು ಮೊಟ್ಟೆಯ ಬಿಳಿಯಂತೆ ಲೋಳೆಲೋಳೆಯಾಗಿ ಕಡ್ಡಿಗೆ ಎಳೆಎಳೆಯಾಗಿ ಅಂಟಿಕೊಳ್ಳುತ್ತಿತ್ತು. ಏನೋ ತಪ್ಪಾಯಿತು ಎಂದು ತಿಳಿಯಿತು. ಆದರೂ ಅದನ್ನೇ ಹೊಸ ಉಪ್ಪಿನ ಕೊಳವೆಗಳಿಗೆ ಹಾಕಿಟ್ಟೆ. ಮೂರು ವಾರ ದಿನಕ್ಕೆ ನಾಲ್ಕು ಸಲ ನೋಡಿದೆ. ಒಂದು ಚುಕ್ಕಿಯೂ ಬರಲಿಲ್ಲ.

ಮೇಡಂ ವಾಪಸ್ ಬಂದ ದಿನ ಮೊದಲು ತಾಯಿಯ ಆರೋಗ್ಯ ಕೇಳಿದೆ, ನಂತರ ಕೊಳವೆಗಳನ್ನು ಮುಂದಿಟ್ಟು ನಡೆದದ್ದನ್ನು ಹೇಳಿದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಮುಚ್ಚಿಟ್ಟು ಏನು ಮಾಡಲಿ? ಅವರು ಕೊಳವೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಬಳಿಕ ನನ್ನನ್ನು ಕೂರಿಸಿ, ತರಗತಿಯಲ್ಲಿ ಹೇಳುವಂತೆಯೇ ವಿವರಿಸಿದರು. ಈ ಜೀವಿಗಳ ಒಳಗೂ ಉಪ್ಪೇ ತುಂಬಿರುತ್ತದೆ. ಹೊರಗೆ ಸಿಹಿನೀರು ಬಂದರೆ ಅದು ಒಳಕ್ಕೆ ನುಗ್ಗಿ ಜೀವಿಗಳು ಉಬ್ಬಿ ಒಡೆದುಹೋಗುತ್ತವೆ, ನೀವು ಕಂಡ ಲೋಳೆ ಅವುಗಳ ಒಳಗಿನದು. ನಾನು ಹೊಲಸೆಂದುಕೊಂಡ ಆ ಹರಳಿನ ಒಳಗೆ ಅವು ವರ್ಷಗಟ್ಟಲೆ ಜೀವ ಹಿಡಿದು ಇರಬಲ್ಲವಂತೆ. ಮುಟ್ಟದೆ ಬಿಟ್ಟಿದ್ದರೆ ಸಾಕಿತ್ತು.

ಎರಡು ವರ್ಷದ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತಾಯಿತು. ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸಿದರು. ಅವರು ಸಿಡುಕಿನ ಮನುಷ್ಯ, ನನಗೆ ಮೆಮೊ ಕೊಡಲು ಕಾಗದ ಎಳೆದುಕೊಂಡಿದ್ದರು. ಮೇಡಂ ನನ್ನ ಕಡೆ ನೋಡದೆ, "ಸಿಹಿನೀರು ತಾಗಬಾರದು ಅಂತ ನಾನು ಅವರಿಗೆ ಹೇಳಿರಲಿಲ್ಲ ಸರ್. ಬರೆಯೋದಾದರೆ ನನ್ನ ಹೆಸರಿಗೆ ಬರೀರಿ" ಎಂದರು. ಪ್ರಿನ್ಸಿಪಾಲರು ಕಾಗದ ಪಕ್ಕಕ್ಕಿಟ್ಟರು. ನನ್ನ ಕೆಲಸ ಉಳಿಯಿತು. ಹೊರಗೆ ಬಂದು ನಾನು ಏನೋ ಹೇಳಹೋದರೆ, ನಾಳೆ ಬೆಳಗಿನ ಬಸ್ಸು ಎಷ್ಟಕ್ಕೆ ಎಂದು ಕೇಳಿದರು.

ಮರುದಿನ ಭೀಮರಾಯನ ಹೊಲಕ್ಕೆ ಹೋದರೆ, ಸವಳು ಇದ್ದ ಜಾಗವೇ ಗುರುತು ಸಿಗಲಿಲ್ಲ. ಅವನು ಸುತ್ತ ಬಸಿಗಾಲುವೆ ತೋಡಿಸಿ, ಒಡ್ಡು ಕಟ್ಟಿ, ಕಾಲುವೆಯ ಸಿಹಿನೀರು ಮತ್ತೆ ಮತ್ತೆ ನಿಲ್ಲಿಸಿ ಬಸಿದು, ಉಪ್ಪನ್ನೆಲ್ಲ ತೊಳೆದುಬಿಟ್ಟಿದ್ದ. ನಾನು ಆರು ಕೊಳವೆಗೆ ಮಾಡಿದ್ದನ್ನೇ ಅವನು ಎರಡು ಎಕರೆಗೆ ಮಾಡಿದ್ದ. ಹೊಲದ ತುಂಬ ಭತ್ತದ ಸಸಿ. ನನಗೆ ಅಳು ಬಂತು. ಮೇಡಂ ಮಾತ್ರ ಬದುವಿನ ಮೇಲೆ ನಿಂತು ಆ ಹಸಿರನ್ನು ಕಣ್ತುಂಬ ನೋಡಿದರು. ಭೀಮರಾಯ ಹೆದರುತ್ತ ಹತ್ತಿರ ಬಂದು, "ಅಕ್ಕಾರ, ನಿಮ್ಮ ಸವಳ ಹೊಯ್ತು ನೋಡ್ರಿ, ಸಿಟ್ಟಾಗಬ್ಯಾಡ್ರಿ" ಅಂದ. ಸಿಟ್ಟೇಕೆ, ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ ಎಂದರು ಮೇಡಂ. ಬಾಯಿಮಾತಿಗೆ ಹೇಳಿದ್ದಲ್ಲ ಅದು. ಎಷ್ಟು ದಿನ ನೀರು ನಿಲ್ಲಿಸಿದಿರಿ, ಎಷ್ಟು ಆಳ ತೋಡಿದಿರಿ ಎಂದು ಒಂದೊಂದೇ ಕೇಳಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ತನ್ನದು ಕಳೆದುಹೋದ ಜಾಗದಲ್ಲಿ ನಿಂತು ಇನ್ನೊಬ್ಬರಿಗೆ ಸಿಕ್ಕಿದ್ದನ್ನು ಹಾಗೆ ನೋಡುವವರನ್ನು ನಾನು ಬೇರೆ ಕಂಡಿಲ್ಲ.

ಸುತ್ತಮುತ್ತ ಉಳಿದ ಸವಳು ನೆಲಗಳಿಂದಲೂ ಮಣ್ಣು ತಂದು ಬೆಳೆಸಿದೆವು. ಕೆಂಪು ಚುಕ್ಕಿಗಳು ಬಂದವು, ಉಂಗುರ ಬರಲಿಲ್ಲ. ಹೀಗೆ ನಾಲ್ಕು ತಿಂಗಳು ಕಳೆದವು. ಒಂದು ಭಾನುವಾರ ನಾನು ದೊಡ್ಡವ್ವನ ಮನೆಗೆ ಹೋಗಿದ್ದೆ. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ, ಹೆಸರು ನಾಗಮ್ಮ. ನಮ್ಮ ಮನೆತನದಲ್ಲಿ ಆಗಲೂ ಬಾಣಂತಿ ಬಟ್ಟೆಯನ್ನು ಸವಳಿನಿಂದಲೇ ಒಗೆಯುತ್ತಿದ್ದವಳು ಅವಳೊಬ್ಬಳು. ಸಾಬೂನಿನಲ್ಲಿ ಒಗೆದರೆ ಬಾಣಂತಿಗೆ ನಂಜಾಗುತ್ತದೆ, ಸವಳಿನಲ್ಲಿ ಒಗೆದರೆ ಆಗುವುದಿಲ್ಲ ಎಂದು ಊರಿನ ಹೆಂಗಸರ ನಂಬಿಕೆ. ಯಾರದೋ ಮನೆಯ ಬಟ್ಟೆಯ ಗಂಟು ಬಿಚ್ಚುತ್ತ ಅವಳು, ಮೂಲೆಯ ಗಡಿಗೆಯಿಂದ ಒಂದು ಹಿಡಿ ತೆಗೆದುಕೊಡು ಎಂದಳು. ಎಲ್ಲಿಯದು ಇದು ಎಂದು ಕೇಳಿದೆ. ಭೀಮರಾಯನ ಹೊಲದ್ದಂತೆ, ಅವನು ನೀರು ನಿಲ್ಲಿಸುವ ಮುಂಚೆ ಅವನೇ ಬಂದು ಬೇಕಾದಷ್ಟು ಕೆರೆದುಕೋ ಎಂದಿದ್ದನಂತೆ. ಗಡಿಗೆಯ ಬಾಯಿ ಹಿಡಿದು ನಾನು ಅಲ್ಲೇ ಕೂತುಬಿಟ್ಟೆ.

ಮರುದಿನ ಮೇಡಂ ಸ್ವತಃ ಬಂದರು. ಗಡಿಗೆಯಲ್ಲಿ ಉಳಿದಿದ್ದದ್ದು ಅರ್ಧ, ದೊಡ್ಡವ್ವನಿಗೆ ಅದೇ ಕೊನೆಯದು. ಮೇಡಂ ಎರಡು ಚಮಚ ಮಾತ್ರ ಕೇಳಿದರು. ದೊಡ್ಡವ್ವ ಯಾಕೆಂದು ಕೇಳಿದಾಗ, ಸಂತೋಷದ ಭರದಲ್ಲಿ ಮೇಡಂ, ಇದರಲ್ಲಿರುವ ಜೀವದಿಂದ ರೋಗಕ್ಕೆ ಔಷಧಿ ಸಿಗುತ್ತದೆ ಎಂದುಬಿಟ್ಟರು. ಸಿಗಬಹುದು ಎನ್ನಲಿಲ್ಲ, ಸಿಗುತ್ತದೆ ಎಂದರು. ದೊಡ್ಡವ್ವ ಎದ್ದು ಗಡಿಗೆಯನ್ನೇ ಎತ್ತಿ ಅವರ ಕೈಗಿಟ್ಟಳು. "ಔಷಧಿಗೆ ಅಂದ್ರ ಎರಡು ಚಮಚ ಯಾಕ್ರಿ, ಎಲ್ಲಾ ಒಯ್ರಿ. ಬಟ್ಟಿ ನಾ ಸಾಬೂನಿಲೆ ಒಗಿತೀನಿ" ಎಂದಳು. ಅರವತ್ತು ವರ್ಷದ ರೂಢಿಯನ್ನು ಅವಳು ಆ ಮಾತಿನ ಮೇಲೆ ಬಿಟ್ಟುಕೊಟ್ಟಳು. ಬಸ್ಸಿನಲ್ಲಿ ಮೇಡಂ ಗಡಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು, ನಾನು ಆ ಮಾತು ಅಷ್ಟು ದೊಡ್ಡದಾಗಿ ಹೇಳಬಾರದಿತ್ತು ಎಂದು ಶಹಾಪುರ ಬರುವವರೆಗೆ ಪೇಚಾಡಿದರು.

ಇಪ್ಪತ್ತು ದಿನ ಕಾದೆವು. ಕೆಂಪು ಬಂತು. ಅದರಲ್ಲಿ ಒಂದರ ಸುತ್ತ ಉಂಗುರವೂ ಬಂತು. ಇದು ಒಂಬತ್ತೇ ಇರಬಹುದು, ಅದರ ತಂಗಿಯೂ ಇರಬಹುದು ಎಂದರು ಮೇಡಂ. ಇದಕ್ಕೂ ಒಂಬತ್ತು ಎಂಬ ಹೆಸರನ್ನೇ ಇಟ್ಟೆವು. ನಾನು ಈ ಸಲ ಹನ್ನೆರಡು ಕೊಳವೆ ಮಾಡಿ ಮೂರು ಬೀರುಗಳಲ್ಲಿ ಹಂಚಿಟ್ಟೆ, ಮೂರು ಕೊಳವೆಗಳನ್ನು ಬೇಕೆಂದೇ ಒಣಗಿಸಿ ಹರಳಾಗಲು ಬಿಟ್ಟೆ.

ಮುಂದಿನ ಹೆಜ್ಜೆ ರೋಗದ ಕ್ರಿಮಿ. ಅಲ್ಲಿಯವರೆಗೆ ಉಂಗುರ ಮೂಡಿದ್ದದ್ದು ಉಪ್ಪುಜೀವಿಗಳ ತಟ್ಟೆಯಲ್ಲಿ. ಈಗ ಹೊಟ್ಟೆ ಕೆಡಿಸುವ ಕ್ರಿಮಿಯನ್ನು ಸಾಮಾನ್ಯ ತಟ್ಟೆಯ ತುಂಬ ಬೆಳೆಸಿ, ನಡುವೆ ಕುಳಿ ಕೊರೆದು, ಒಂಬತ್ತು ಬೆಳೆದ ನೀರನ್ನು ಸೋಸಿ ಕುಳಿಗೆ ಹಾಕಿದೆವು. ಮರುದಿನ ಬೆಳಿಗ್ಗೆ ನೋಡಿದರೆ ಹೆಬ್ಬೆರಳಿನಷ್ಟು ಅಗಲದ ಉಂಗುರ! ಮೇಡಂ ನನ್ನ ಕೈ ಹಿಡಿದು ಕುಲುಕಿದರು. ಮೂರು ಸಲ ಮಾಡಿದೆವು, ಮೂರು ಸಲವೂ ಬಂತು. ಅವರ ಸಂಶೋಧನೆಯ ವರದಿ ಕಳಿಸುವ ದಿನ ಹತ್ತಿರ ಬಂದಿತ್ತು. ರೋಗದ ಕ್ರಿಮಿಯನ್ನೂ ತಡೆಯುತ್ತದೆ ಎಂಬ ವಾಕ್ಯ ಟೈಪಾಗಿ ಮೇಜಿನ ಮೇಲೆ ಬಂತು.

ನನ್ನ ತಲೆಯಲ್ಲಿ ಮಾತ್ರ ಹುಳ ಹೊಕ್ಕಿತು. ಕುಳಿಗೆ ಹಾಕಿದ ಆ ನೀರಿನಲ್ಲಿ ಪ್ರೋಟೀನು ಇದೆ ಸರಿ, ಉಪ್ಪೂ ಇದೆಯಲ್ಲ? ಉಪ್ಪಿನಕಾಯಿ ಕೆಡದಂತೆ ಕಾಯುವ ಉಪ್ಪು ಇಲ್ಲಿ ಸುಮ್ಮನೆ ಕೂರುತ್ತದೆಯೇ? ಉಪ್ಪಿನ ಕೈಯಲ್ಲಿ ಒಮ್ಮೆ ಏಟು ತಿಂದವನಿಗೆ ಇಂಥ ಅನುಮಾನ ಬೇಗ ಬರುತ್ತದೆ. ಯಾರಿಗೂ ಹೇಳದೆ, ಒಂದು ಕುಳಿಗೆ ಅಷ್ಟೇ ಗಟ್ಟಿಯ ಬರೀ ಉಪ್ಪುನೀರು ಹಾಕಿಟ್ಟೆ. ಮರುದಿನ ಅಲ್ಲೂ ಉಂಗುರ ಬಂದಿತ್ತು, ಹೆಚ್ಚುಕಡಿಮೆ ಅಷ್ಟೇ ಅಗಲ.

ಆ ತಟ್ಟೆಯನ್ನು ಎರಡು ದಿನ ಬೀರುವಿನಲ್ಲಿ ಇಟ್ಟುಕೊಂಡು ಒದ್ದಾಡಿದೆ. ನನ್ನ ಕೆಲಸ ಉಳಿಸಿದವರು ಅವರು. ಅವರ ಎರಡು ವರ್ಷವನ್ನು ಒಮ್ಮೆ ತೊಳೆದುಹಾಕಿದವನು ನಾನು. ಈಗ ಉಳಿದದ್ದನ್ನೂ ತೊಳೆಯಲು ಹೊರಟಿದ್ದೆ. ಸುಮ್ಮನಿದ್ದರೆ ಯಾರು ಕೇಳುತ್ತಿದ್ದರು? ಆದರೆ ದೊಡ್ಡವ್ವ ಬಣ್ಣದ ಸೀರೆ ಕೊಳ್ಳುವವರಿಗೆ ಹೇಳುವ ಒಂದು ಮಾತಿತ್ತು, ಅಂಗಡಿಯಲ್ಲಿ ಕಾಣುವುದು ಬಣ್ಣವಲ್ಲ, ಒಗೆದ ಮೇಲೆ ಉಳಿದದ್ದೇ ಬಣ್ಣ ಎಂದು. ಆ ಮಾತು ನನ್ನನ್ನು ಕೂರಗೊಡಲಿಲ್ಲ. ಮೂರನೆಯ ದಿನ ತಟ್ಟೆಯನ್ನು ಒಯ್ದು ಅವರ ವರದಿಯ ಪಕ್ಕದಲ್ಲಿ ಇಟ್ಟೆ.

ಮೇಡಂ ತಟ್ಟೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಮುಖ ಸಣ್ಣದಾಯಿತು. ಪುಸ್ತಕ ತೆರೆದು ನನ್ನ ಮುಂದೆ ತಳ್ಳಿ, "ನೀವು ಮಾಡಿದ್ದು, ನೀವೇ ಬರೀರಿ. ಕೆಳಗೆ ನಿಮ್ಮ ಹೆಸರು ಹಾಕಿ" ಎಂದರು. ಅಷ್ಟು ವರ್ಷ ಆ ಪುಸ್ತಕದಲ್ಲಿ ನನ್ನ ಅಕ್ಷರ ಇರಲಿಲ್ಲ, ನನ್ನದೇನಿದ್ದರೂ ಒಡೆದ ಗಾಜಿನ ಪಟ್ಟಿ. ನಾಲ್ಕು ಸಾಲು ಬರೆದು, ಕೆಳಗೆ ಹಣಮಂತಪ್ಪ ಎಂದು ಹೆಸರು ಹಾಕಿದೆ.

ಆದರೂ ಮೇಡಂ ಅಲ್ಲಿಗೆ ಬಿಡಲಿಲ್ಲ. ಉಪ್ಪನ್ನು ತೆಗೆದು ಪ್ರೋಟೀನನ್ನಷ್ಟೇ ಉಳಿಸಿ ನೋಡೋಣ ಎಂದರು. ಅದಕ್ಕೊಂದು ತೆಳು ಪೊರೆಯ ನಳಿಕೆ ಬರುತ್ತದೆ. ಸೋಸಿದ ನೀರನ್ನು ಅದರಲ್ಲಿ ತುಂಬಿ ಎರಡೂ ತುದಿಗೆ ದಾರ ಕಟ್ಟಿ ದೊಡ್ಡ ಪಾತ್ರೆಯ ನೀರಿನಲ್ಲಿ ಬಿಟ್ಟರೆ, ಉಪ್ಪು ಪೊರೆ ದಾಟಿ ಹೊರಗೆ ಹೋಗುತ್ತದೆ, ಪ್ರೋಟೀನು ಒಳಗೇ ನಿಲ್ಲುತ್ತದೆ. ನೀರು ಬದಲಿಸುತ್ತ ಹೋಗಬೇಕು. ಇದು ಒಗೆಯುವ ಕೆಲಸವೇ. ಜೀವಿಯನ್ನು ಸಿಹಿನೀರಿನಲ್ಲಿ ತೊಳೆದರೆ ಸಾಯುತ್ತದೆ, ಅದು ಬಿಟ್ಟ ಪ್ರೋಟೀನನ್ನು ತೊಳೆದೇ ನೋಡಬೇಕು. ಎರಡು ದಿನ ನಾನು ಎಂಟು ಸಲ ನೀರು ಬದಲಿಸಿದೆ. ನನ್ನ ಜೀವನದಲ್ಲಿ ಅಷ್ಟು ಎಚ್ಚರದಿಂದ ಏನನ್ನೂ ತೊಳೆದಿಲ್ಲ.

ನಳಿಕೆಯೊಳಗೆ ಉಳಿದದ್ದನ್ನು ಕುಳಿಗೆ ಹಾಕಿ ನೋಡಿದರೆ, ಹೊಟ್ಟೆಯ ಕ್ರಿಮಿಯ ತಟ್ಟೆಯಲ್ಲಿ ಉಂಗುರ ಪೂರ್ತಿ ಹೋಗಿತ್ತು. ಉಪ್ಪಿಲ್ಲದೆ ಪ್ರೋಟೀನೇ ಕೆಟ್ಟಿತೋ ಏನೋ ಎಂಬ ಒಂದು ಅನುಮಾನ ಉಳಿದಿತ್ತು. ಅದಕ್ಕೆ ನಳಿಕೆಯೊಳಗಿನ ಅದನ್ನೇ ಉಪ್ಪುಜೀವಿಗಳ ತಟ್ಟೆಗೂ ಹಾಕಿದ್ದೆವು. ಅಲ್ಲಿ ಉಂಗುರ ಹಾಗೆಯೇ ಇತ್ತು. ಕುದಿಸಿ ಹಾಕಿದೆವು, ಆಗಲೂ ಇತ್ತು. ಅಂದರೆ ಒಂಬತ್ತರ ಪ್ರೋಟೀನು ನಿಜ, ತೊಳೆದರೂ ಕುದಿಸಿದರೂ ಬಗ್ಗದಷ್ಟು ಗಟ್ಟಿ. ಆದರೆ ಅದು ಕೊಲ್ಲುವುದು ತನ್ನ ನೆಂಟರನ್ನು ಮಾತ್ರ. ರೋಗದ ಕ್ರಿಮಿಯನ್ನು ತಡೆದದ್ದು ಅಂಗಡಿಯ ಉಪ್ಪು.

ಮೇಡಂ ಪೆನ್ನು ತೆಗೆದು ವರದಿಯ ಆ ವಾಕ್ಯವನ್ನು ನನ್ನೆದುರಿಗೇ ಒಂದು ಗೆರೆ ಎಳೆದು ಹೊಡೆದುಹಾಕಿದರು. ವರದಿ ಸಣ್ಣದಾಯಿತು. ದೊಡ್ಡ ಪ್ರಯೋಗಾಲಯಗಳಿಂದ ಬರಬಹುದಾಗಿದ್ದ ಕರೆ ಬರಲಿಲ್ಲ. ಅವರು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಉಪ್ಪಿಲ್ಲದೆಯೂ ಕುದಿಸಿದರೂ ನಿಲ್ಲುವ ಪ್ರೋಟೀನು ಸಿಕ್ಕುವುದು ಅಪರೂಪ, ಇಂಥವುಗಳ ಅಣ್ಣತಮ್ಮಂದಿರಲ್ಲಿ ಕೆಲವು ರಕ್ತ ನಿಂತು ಏಟು ತಿಂದ ಹೃದಯವನ್ನು ಕಾಯಬಲ್ಲವೇ ಎಂದು ಹೊರದೇಶಗಳಲ್ಲಿ ಪ್ರಾಣಿಗಳ ಮೇಲೆ ನೋಡುತ್ತಿದ್ದಾರೆ, ನಮ್ಮದಕ್ಕೂ ಯಾವುದೋ ಕೆಲಸ ಇದ್ದೀತು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ಇದ್ದೀತು ಎನ್ನುವ ಪದವನ್ನು ಒತ್ತಿ ಹೇಳುತ್ತಿದ್ದರು.

ವರದಿ ಕಳಿಸಿದ ವಾರ ಮೇಡಂ ಗಡಿಗೆ ಹಿಡಿದುಕೊಂಡು ನಮ್ಮೂರಿಗೆ ಹೊರಟರು. ಉಳಿದ ಮಣ್ಣನ್ನು ಹಾಗೆಯೇ ಇಟ್ಟು ಬಾಯಿಗೆ ಬಟ್ಟೆ ಕಟ್ಟಿದ್ದರು. ನಾನೇ ಕೊಟ್ಟು ಬರುತ್ತೇನೆ ಎಂದೆ. ಮಾತು ಕೊಟ್ಟವಳು ನಾನು, ನಾನೇ ಹೋಗಬೇಕು ಎಂದರು. ದೊಡ್ಡವ್ವನ ಮನೆಯ ಕಟ್ಟೆಯ ಮೇಲೆ ಕೂತು, ಅವಳು ಕೊಟ್ಟ ನೀರು ಕುಡಿದು ಹೇಳಿದರು:

"ನಾಗಮ್ಮ, ನಿಮಗೆ ನಾನು ದೊಡ್ಡ ಮಾತು ಹೇಳಿದ್ದೆ. ನಿಮ್ಮ ಮಣ್ಣಿನಿಂದ ಔಷಧಿ ಆಗಲಿಲ್ಲ. ಅದರಲ್ಲಿರೋ ಜೀವ ತನ್ನ ಜಾತಿಯವರನ್ನಷ್ಟೇ ಕೊಲ್ಲುತ್ತೆ, ರೋಗವನ್ನಲ್ಲ. ನಾನು ಹಾಗೆ ಹೇಳಿದ್ದು ತಪ್ಪು."

ಬಾಣಂತಿ ಬಟ್ಟೆಯ ನಂಜು ತಡೆಯುವುದೂ ಸವಳಿನ ಕ್ಷಾರ ಇರಬೇಕು, ಈ ಜೀವಿ ಅಲ್ಲ ಎಂದೂ ಬಿಡಿಸಿ ಹೇಳಿದರು. ಕಾಲೇಜಿನ ಮೇಡಂ ಒಬ್ಬರು ತನ್ನ ಕಟ್ಟೆಯ ಮೇಲೆ ಕೂತು ತಪ್ಪು ಒಪ್ಪಿಕೊಂಡದ್ದನ್ನು ದೊಡ್ಡವ್ವ ಆ ವಯಸ್ಸಿನವರೆಗೆ ಕಂಡಿರಲಿಲ್ಲ. ಮೊದಲು ನನ್ನ ಮುಖ ನೋಡಿದಳು, ಆಮೇಲೆ ನಕ್ಕಳು.

"ತಮ್ಮ ಜಾತಿಯವರನ್ನ ಕೊಲ್ಲೂದು ಮನಷ್ಯಾರಿಗೂ ಬರ್ತದ ಬಿಡ್ರಿ, ಅದಕ್ಕ ಸವಳ ಯಾಕ ಬೇಕು" ಅಂದಳು. ಗಡಿಗೆಯ ಬಟ್ಟೆ ಬಿಚ್ಚಿ ಒಳಗೆ ನೋಡಿದಳು. "ತೊಳದು ನೋಡೀರೇನು ಛಲೋತ್ನಾಗ?"

"ಹಣಮಂತಪ್ಪ ಎಂಟು ನೀರು ತೊಳೆದ್ರು" ಎಂದರು ಮೇಡಂ.

"ತೊಳದ ಮ್ಯಾಲ ಏನರ ಉಳಿದದ?"

ನಮ್ಮ ಕಡೆಯ ಮಾತು ಎಂದೂ ಆಡದ ಮೇಡಂ ಅಂದು ಆಡಿದರು. "ಉಳಿದದ" ಎಂದರು.

"ಹಂಗಾದ್ರ ಅಳೂದು ಯಾಕ್ರಿ ಅಕ್ಕಾರ, ಉಳಿದದ್ದ ಬಣ್ಣ" ಎಂದಳು ದೊಡ್ಡವ್ವ. ಮೇಡಂ ಕಣ್ಣಲ್ಲಿ ನೀರು ಇದ್ದದ್ದನ್ನು ನಾನು ಆಗಲೇ ನೋಡಿದ್ದು. ಗಡಿಗೆ ಮತ್ತೆ ಮೂಲೆ ಸೇರಿತು. ಆ ವರ್ಷ ಭೀಮರಾಯನ ಸೊಸೆ ಹಡೆದಾಗ ಅವಳ ಬಟ್ಟೆಯನ್ನು ದೊಡ್ಡವ್ವ ಅದೇ ಸವಳಿನಿಂದ ಒಗೆದಳು.

ಈಗ ಪ್ಲಾಸ್ಟಿಕ್ ತಟ್ಟೆ ಬಂದಿವೆ, ಒಮ್ಮೆ ಬಳಸಿ ಎಸೆಯುತ್ತಾರೆ, ನಲ್ಲಿಯ ಮುಂದೆ ನಿಲ್ಲುವ ಕೆಲಸ ಕಡಿಮೆಯಾಗಿದೆ. ಜೀವಿಯ ಹೆಸರನ್ನು ಯಂತ್ರವೇ ಓದಿ ಹೇಳುತ್ತದೆ. ಅದೆಲ್ಲ ಒಳ್ಳೆಯದೇ. ನೀವು ಬರೀ ಉಪ್ಪುನೀರಿನ ಕುಳಿಯನ್ನು ಮಾತ್ರ ಮರೆಯಬೇಡಿ. ಕೈಗೆ ಸಿಕ್ಕಿದ್ದು ನಿಜವೋ ಅಲ್ಲವೋ ಎಂದು ಹೇಳುವುದು ಅದೊಂದೇ.

ಮೇಡಂ ಕಾಲೇಜು ಬಿಟ್ಟು ಹೋದಮೇಲೂ ವರ್ಷಕ್ಕೊಮ್ಮೆ ನಾನು ಒಂಬತ್ತನ್ನು ಹೊಸ ಕೊಳವೆಗೆ ದಾಟಿಸುತ್ತ ಬಂದೆ. ರಿಜಿಸ್ಟರಿನಲ್ಲಿ ಎಲ್ಲಿ ಸಿಕ್ಕಿದ್ದು ಎಂಬ ಅಂಕಣದಲ್ಲಿ ಅವರ ಅಕ್ಷರದಲ್ಲೇ 'ನಾಗಮ್ಮನವರ ಸವಳಿನ ಗಡಿಗೆ' ಎಂದಿದೆ. ನಿವೃತ್ತಿಯ ದಿನ ರೂಢಿಯಂತೆ ಇಡೀ ಪ್ರಯೋಗಾಲಯ ತೊಳೆದೆ. ಕಡೆಗೆ ಬೀರು ತೆರೆದೆ. ಬೆಳ್ಳಗೆ ಹರಳು ಕಟ್ಟಿದ್ದ ಆ ಮೂರು ಕೊಳವೆಗಳನ್ನು ಅಲ್ಲೇ ಬಿಟ್ಟು, ಮುಂದೆ ಬರುವವರಿಗೆಂದು ಒಂದು ಚೀಟಿ ಬರೆದು ಅಂಟಿಸಿದೆ. ಮಡಿವಾಳರ ಮನೆಯಲ್ಲಿ ಹುಟ್ಟಿದವನು ಬರೆದ ಆ ಚೀಟಿಯಲ್ಲಿ ಎರಡೇ ಪದ ಇವೆ: ಇದನ್ನು ತೊಳೆಯಬೇಡಿ.